ಕಣ ಮತ್ತು ಕ್ರೀಡಾಂಗಣ

ಕನ್ನಡದ ‘ಕಣ’ಕ್ಕೆ ಎರಡು ಬದುಕು. ಒಂದು ರಾಶಿ ಮಾಡುವ ಜಾಗ, ಇನ್ನೊಂದು ಸ್ಪರ್ಧೆಯ ಜಾಗ. ನನ್ನೂರು ಯಾವಗಲ್ಲಿನ ಎರೆಹೊಲದಲ್ಲಿ ಕಣ ಮಾಡುತ್ತಿದ್ದ ಬಗೆಯನ್ನು ಅಜ್ಜ ಹೇಳಿ ಬಲ್ಲೆ: ನೆಲಕ್ಕೆ ನೀರು ಹೊಡೆದು, ತುಳಿಸಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು ಹಂತಿ ಕಟ್ಟುವುದು. ರಾಶಿ ಮುಗಿದರೆ ಅದೇ ಹುಡುಗರ ಆಟದ ಬಯಲು. ಮುಂಗಾರಿಗೆ ಮತ್ತೆ ಹೊಲ.

‘ಹಸಿರು ಕ್ರೀಡಾಂಗಣ’ ಎಂಬ ನುಡಿಗಟ್ಟನ್ನು ಓದುವಾಗಲೆಲ್ಲ ಈ ಕಣ ಒಂದು ಪ್ರಶ್ನೆ ಕೇಳುತ್ತದೆ: ಆಟ ಮುಗಿದ ಮೇಲೆ ನೆಲದ ಗತಿಯೇನು?

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಈ ನುಡಿಗಟ್ಟಿಗೆ ನಮ್ಮ ಅತ್ಯುತ್ತಮ ಉದಾಹರಣೆ. 2015ರಲ್ಲಿ ಅದರ ಚಾವಣಿಗೆ 400 ಕಿಲೋವ್ಯಾಟ್ ಸೌರಫಲಕಗಳು ಬಂದವು. 2024ರ ನೀರಿನ ಬರದಲ್ಲಿ ಐಪಿಎಲ್ ಪಂದ್ಯಗಳಿಗೆ ಶುದ್ಧೀಕರಿಸಿದ ಕೊಳಚೆ ನೀರು ಬಳಕೆಯಾಯಿತು. ಇವು ಸಣ್ಣ ಸಾಧನೆಗಳಲ್ಲ. ಆದರೆ ಈ ಭಾಷೆ ಕಟ್ಟಡದ ಬಳಕೆಯನ್ನಷ್ಟೇ ಅಳೆಯುತ್ತದೆ. ಕಟ್ಟಲು ಸುಟ್ಟ ಸಿಮೆಂಟು, ಉಕ್ಕನ್ನೂ ಬರುವ ಜನರನ್ನೂ ಲೆಕ್ಕದಿಂದ ಬಿಡುತ್ತದೆ. 2025ರ ಜೂನ್ 4ರಂದು ಅದೇ ಅಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಜನ ಸುರಕ್ಷಿತವಾಗಿ ಬಂದು ಹೋಗಲಾಗದ ಜಾಗವನ್ನು ಸುಸ್ಥಿರವೆನ್ನುವುದು ಹೇಗೆ?

ಆ ದುರಂತದ ನಂತರ ಆನೇಕಲ್ ಬಳಿಯ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾಂಗಣದ ಪ್ರಸ್ತಾವ ಬಂತು. ಸುರಕ್ಷತೆಗೆ ದೊಡ್ಡ ಜಾಗ ಬೇಕೆಂಬ ವಾದ ನನಗೆ ಅರ್ಥವಾಗುತ್ತದೆ. ಆದರೆ ಚಿನ್ನಸ್ವಾಮಿಗೆ ಮೆಟ್ರೋದಲ್ಲಿ ಇಳಿದು ನಡೆದೇ ಹೋಗಬಹುದು. ಊರಾಚೆಯ ಅಂಗಣಕ್ಕೆ ಸಾವಿರಾರು ವಾಹನ ಹೊರಟರೆ, ಚಾವಣಿಯ ಬಿಸಿಲು ಆ ಹೊಗೆಯನ್ನು ತೊಳೆಯಲಾರದು.

ಜಗತ್ತು ಬೇರೆ ಪಾಠವನ್ನೂ ಬರೆದಿದೆ. 2022ರ ವಿಶ್ವಕಪ್‌ಗೆ ಕತಾರ್ 974 ಕಂಟೇನರ್‌ಗಳಿಂದ, ಬಿಚ್ಚಿ ಒಯ್ಯಬಹುದಾದ ಕ್ರೀಡಾಂಗಣ ಕಟ್ಟಿತು. ಕಲ್ಪನೆ ಕಣದ್ದೇ, ಆದರೆ ಬಿಚ್ಚಿದ್ದು ಇನ್ನೊಂದೆಡೆ ನಿಂತರೆ ಮಾತ್ರ ಅದಕ್ಕೆ ಅರ್ಥ. 2024ರ ಪ್ಯಾರಿಸ್ ಒಲಿಂಪಿಕ್ಸ್ ಹೆಚ್ಚು ಸರಳವಾಗಿ ಯೋಚಿಸಿತು: ಸುಮಾರು ನೂರಕ್ಕೆ 95ರಷ್ಟು ತಾಣಗಳು ಮೊದಲೇ ಇದ್ದವು ಅಥವಾ ತಾತ್ಕಾಲಿಕವಾಗಿದ್ದವು.

ಕಣದಲ್ಲಿ ಸಾವಿರಾರು ಜನ ಕೂರಲಾರರೆಂದು ಬಲ್ಲೆ. ಯಾವಗಲ್ಲಿನಲ್ಲೂ ಈಗ ರಾಶಿಗೆ ಯಂತ್ರ ಬಂದಿದೆ. ನಾನು ಹಂತಿ ಕಂಡವನಲ್ಲ. ಹಳೆಯದಕ್ಕೆ ಮರಳೋಣ ಎನ್ನುತ್ತಿಲ್ಲ. ಹೊಸ ಅಂಗಣದ ನಕ್ಷೆ ಮುಂದಿಟ್ಟಾಗ ಆಸನಗಳೆಷ್ಟು ಎಂದು ಕೇಳುವ ಮೊದಲು, ಪಂದ್ಯವಿಲ್ಲದ ದಿನಗಳಲ್ಲಿ ಅಲ್ಲಿ ಯಾರ ಮಕ್ಕಳು ಆಡುತ್ತಾರೆಂದು ಕೇಳೋಣ. ನಮ್ಮ ಕಣಕ್ಕೆ ಗೇಟು ಇರಲಿಲ್ಲ.