ಹಾಡಿಗೆ ಅಂಕ ಕೊಟ್ಟರೆ ಸಾಕೆ?

ಹೊಸ ಹಾಡುಗಳ ಸಂಗ್ರಹವೊಂದು ಬಿಡುಗಡೆಯಾದರೆ ಅದರ ಕುರಿತು ಪತ್ರಿಕೆಯಲ್ಲಿ ಒಂದೆರಡು ಪ್ಯಾರಾ ಬರುವುದು ವಾಡಿಕೆ. ಹಾಡುಗಳು ಕಿವಿಗೆ ಇಂಪಾಗಿವೆ, ಸಾಹಿತ್ಯ ಅರ್ಥಪೂರ್ಣವಾಗಿದೆ, ಗಾಯಕರ ಕಂಠ ಮಧುರವಾಗಿದೆ ಎಂಬ ಮಾತುಗಳು ಅಲ್ಲಿರುತ್ತವೆ. ಕೊನೆಗೆ ಐದರಲ್ಲಿ ಮೂರೂವರೆ ನಕ್ಷತ್ರ. ಉಳಿದ ಒಂದೂವರೆ ನಕ್ಷತ್ರವನ್ನು ಯಾವ ತಪ್ಪಿಗಾಗಿ ಕಡಿತ ಮಾಡಲಾಯಿತು ಎಂಬುದಕ್ಕೆ ಉತ್ತರವಿರುವುದಿಲ್ಲ. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಯೂಟ್ಯೂಬ್ ಬಂತು. ಈ ಬಗೆಯ ವಿಮರ್ಶೆ ಮಾತ್ರ ಇದ್ದಲ್ಲಿಯೇ ಇದೆ.

ಅಂಕ ಕೊಡುವ ಈ ಪದ್ಧತಿ ನಮ್ಮದಲ್ಲ, ಅಷ್ಟೇನೂ ಹಳೆಯದೂ ಅಲ್ಲ. 1923ರಲ್ಲಿ ಕಾಂಪ್ಟನ್ ಮೆಕೆಂಜಿ ಇಂಗ್ಲೆಂಡಿನಲ್ಲಿ 'ಗ್ರಾಮಫೋನ್' ಪತ್ರಿಕೆ ಆರಂಭಿಸಿ ಧ್ವನಿಮುದ್ರಿಕೆಗಳ ವಿಮರ್ಶೆಗೆ ಒಂದು ಸ್ಥಾನ ಕಲ್ಪಿಸಿದರು. 1969ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಕ್ರಿಸ್ಟ್‌ಗೌ ಶಾಲಾ ಮಾಸ್ತರರಂತೆ ಆಲ್ಬಂಗಳಿಗೆ ಎ, ಬಿ, ಸಿ ಎಂದು ದರ್ಜೆ ಹಾಕತೊಡಗಿದರು. ಮುಂದೆ 'ರೋಲಿಂಗ್ ಸ್ಟೋನ್' ನಕ್ಷತ್ರಗಳನ್ನು ತಂದಿತು. 'ಪಿಚ್‌ಫೋರ್ಕ್' ಹತ್ತಕ್ಕೆ ಇಷ್ಟು ಎಂದು ದಶಮಾಂಶದವರೆಗೂ ಹೋಯಿತು. ಹಾಡೊಂದು 7.8ಕ್ಕೆ ಅರ್ಹವೋ 7.9ಕ್ಕೋ ಎಂದು ಯಾವ ತಕ್ಕಡಿ ಹೇಳಬಲ್ಲದು? ಅದೇ ಪಿಚ್‌ಫೋರ್ಕ್ 2021ರಲ್ಲಿ ತನ್ನ ಹಳೆಯ 19 ವಿಮರ್ಶೆಗಳ ಅಂಕಗಳನ್ನು ತಿದ್ದಿ ಪ್ರಕಟಿಸಿತು. ಲೆಡ್ ಜೆಪ್ಲಿನ್ ತಂಡದ ಮೊದಲ ಆಲ್ಬಂ ಅನ್ನು 1969ರಲ್ಲಿ ಹೀಗಳೆದ ರೋಲಿಂಗ್ ಸ್ಟೋನ್, ನಂತರದ ವರ್ಷಗಳಲ್ಲಿ ಅದನ್ನೇ ಶ್ರೇಷ್ಠವೆಂದು ಹೊಗಳಿತು. ಅಭಿಪ್ರಾಯ ಬದಲಾಗುವುದು ತಪ್ಪಲ್ಲ. ಕಾರಣ ಬರೆದಿಟ್ಟಿದ್ದರೆ ಅದನ್ನು ನಾವು ಇಂದಿಗೂ ಓದಿ ಒಪ್ಪಬಹುದು ಅಥವಾ ವಾದಿಸಬಹುದು. ಅಂಕದ ಜೊತೆ ವಾದಿಸುವುದು ಹೇಗೆ?

ಆ ಪದ್ಧತಿಗೂ ಒಂದು ಕಾಲದಲ್ಲಿ ಅರ್ಥವಿತ್ತು ಎಂಬುದನ್ನು ಒಪ್ಪೋಣ. ಜೇಬಿನ ಹಣ ಕೊಟ್ಟು ಕ್ಯಾಸೆಟ್ ಕೊಳ್ಳಬೇಕಿದ್ದ ದಿನಗಳಲ್ಲಿ 'ಕೊಳ್ಳಲೇ, ಬೇಡವೇ?' ಎಂಬುದು ಗ್ರಾಹಕನ ನ್ಯಾಯವಾದ ಪ್ರಶ್ನೆ. ನಕ್ಷತ್ರ ಅದಕ್ಕೆ ಕಿರು ಉತ್ತರವಾಗಿತ್ತು. ಇಂದು ಹಾಡು ಮೊಬೈಲಿಗೆ ಪುಕ್ಕಟೆಯಾಗಿ ಬರುತ್ತದೆ, ಆ ಪ್ರಶ್ನೆಯೇ ಉಳಿದಿಲ್ಲ. ನಕ್ಷತ್ರದ ಜಾಗದಲ್ಲಿ ಈಗ ಎಷ್ಟು ಲಕ್ಷ ಮಂದಿ ನೋಡಿದರೆಂಬ ಲೆಕ್ಕ ಕುಳಿತಿದೆ. ಜಾತ್ರೆಯಲ್ಲಿ ಯಾವ ಅಂಗಡಿಯ ಮುಂದೆ ಜನ ಹೆಚ್ಚು ಎಂದು ಅದರಿಂದ ತಿಳಿದೀತು, ಅಲ್ಲಿನ ತಿಂಡಿಯ ರುಚಿ ತಿಳಿಯದು.

ಈ ಮಾತನ್ನು ನಮ್ಮ ಕರಾವಳಿಗೆ, ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಿಗೆ ಅನ್ವಯಿಸಿ ನೋಡೋಣ. ಇಲ್ಲಿನ ಮನೆಗಳಲ್ಲಿ ಕೇಳಿಬರುವ ಹಾಡು ಸಿನಿಮಾದ್ದು ಮಾತ್ರವಲ್ಲ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇಂದಿಗೂ ಇದೆ. ಆ ಮೇಳದ ಪದ್ಯಗಳಿಗೆ ದೀರ್ಘಕಾಲ ಕಂಠವಾಗಿದ್ದ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ ತೀರಿಕೊಂಡರು. ಅದೇ ತಾಲೂಕಿನ ಕಡತೋಕಾ ಮಂಜುನಾಥ ಭಾಗವತರ ಹೆಸರು ಕೇಳದ ಯಕ್ಷಗಾನಪ್ರಿಯರಿಲ್ಲ. ಕ್ಯಾಸೆಟ್ ಯುಗದಲ್ಲಿ ಇಂಥವರ ಪದ್ಯಗಳು ಬಯಲಾಟದ ಗದ್ದೆಯಿಂದ ಅಡುಗೆಮನೆಗೂ ಚಹಾದಂಗಡಿಗೂ ಬಂದವು. ಇಡೀ ರಾತ್ರಿಯ ಪ್ರಸಂಗ ತೊಂಬತ್ತು ನಿಮಿಷದ ಟೇಪಿಗೆ ಇಳಿಯಿತು. ಯಾವ ಪದ್ಯ ಉಳಿಯಿತು, ಯಾವುದು ಹೋಯಿತು, ಚಂಡೆಯ ಅಬ್ಬರದಲ್ಲಿ ಭಾಗವತರ ಮಾತು ಸ್ಪಷ್ಟವಾಗಿ ಕೇಳಿಸಿತೇ? ಇವೆಲ್ಲ ವಿಮರ್ಶಕನೊಬ್ಬ ಬರೆಯಬೇಕಾಗಿದ್ದ ಸಂಗತಿಗಳು. ಬರೆದವರು ವಿರಳ.

ಕಾಳಿಂಗ ನಾವಡರ ಉದಾಹರಣೆ ನೋಡಿ. ಗುಂಡ್ಮಿಯ ಈ ಭಾಗವತರು 1990ರಲ್ಲಿ ಅಪಘಾತದಲ್ಲಿ ಮಡಿದಾಗ ಅವರಿಗೆ ಇನ್ನೂ ಚಿಕ್ಕ ವಯಸ್ಸು. ಅಷ್ಟರಲ್ಲೇ ಅವರ ಧ್ವನಿ ಕ್ಯಾಸೆಟ್ಟಿನ ಮೂಲಕ ಇಡೀ ಕರಾವಳಿಯ ಅಭಿರುಚಿಯನ್ನು ತಿರುಗಿಸಿತ್ತು. ಹೊಸ ರಾಗಗಳನ್ನು ರಂಗಸ್ಥಳಕ್ಕೆ ತಂದರೆಂದು ಮೆಚ್ಚಿದವರು ಒಂದು ಕಡೆ, ಯಕ್ಷಗಾನದ ಮಟ್ಟು ಬಿಟ್ಟು ಸಿನಿಮಾದ ಛಾಯೆ ತಂದರೆಂದು ಮುನಿದವರು ಇನ್ನೊಂದು ಕಡೆ. ಈ ಜಗಳ ಇಂದಿಗೂ ಮುಗಿದಿಲ್ಲ. ಇಂತಹ ಪದ್ಯಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟರೆ ಜಗಳದ ಯಾವ ಕಡೆಗೆ ಬಲ ಬಂತು? ಯಾವ ಪದ್ಯದಲ್ಲಿ ಹೊಸ ರಾಗ ಸನ್ನಿವೇಶಕ್ಕೆ ಹೊಂದಿತು, ಯಾವುದರಲ್ಲಿ ಚಪ್ಪಾಳೆಗಾಗಿ ಬಂತು ಎಂದು ಒಂದೊಂದಾಗಿ ಹೇಳಿದರಷ್ಟೇ ಅದು ವಿಮರ್ಶೆಯಾಗುತ್ತದೆ.

ಈಗ ಭಟ್ಕಳಕ್ಕೆ ಬರೋಣ. ಇಲ್ಲಿ ಉರ್ದುವಿನಲ್ಲೂ ನವಾಯತಿಯಲ್ಲೂ ಕವಿತೆ ಕಟ್ಟುವವರಿದ್ದಾರೆ, ಹಾಡುವವರಿದ್ದಾರೆ. ಪ್ರವಾದಿಯವರ(ಸ) ಗುಣಗಾನದ ನಾತ್‌ಗಳು ಧ್ವನಿಮುದ್ರಣಗೊಂಡು ಗಲ್ಫಿನಲ್ಲಿರುವ ಮಕ್ಕಳ ಮೊಬೈಲಿಗೂ ತಲುಪುತ್ತವೆ. ಹೆಚ್ಚಿನವು ವಾದ್ಯವಿಲ್ಲದೆ ಹಾಡಿದಂಥವು. ಹಾಗಿರುವಾಗ 'ವಾದ್ಯಸಂಯೋಜನೆ'ಗೆ ಇಷ್ಟು ಅಂಕ ಎಂದು ಕಾಲಂ ಹಾಕಿಕೊಂಡ ವಿಮರ್ಶಕ ಇಲ್ಲಿ ಏನು ಬರೆದಾನು? ಸೊನ್ನೆ ಕೊಡುತ್ತಾನೆಯೇ? ಕೇಳಬೇಕಾದದ್ದು ಬೇರೆ: ಉಚ್ಚಾರ ಶುದ್ಧವಾಗಿದೆಯೇ, ಛಂದಸ್ಸಿನ ತೂಕ ತಪ್ಪದೆ ಉಸಿರು ತೆಗೆದುಕೊಂಡಿದ್ದಾರೆಯೇ, ಸ್ಟುಡಿಯೋದವರು ತುಂಬಿದ ಪ್ರತಿಧ್ವನಿಯಲ್ಲಿ ಕವಿಯ ಮಾತು ಮುಳುಗಿಹೋಗಿದೆಯೇ? ಇನ್ನೂ ಒಂದು ಪ್ರಶ್ನೆಯಿದೆ. ಜನಪ್ರಿಯ ಸಿನಿಮಾ ಧಾಟಿಗೆ ನಾತ್ ಹಾಡಬಹುದೇ? ಧಾಟಿ ಕೇಳಿದೊಡನೆ ಚಿತ್ರದ ದೃಶ್ಯ ಕಣ್ಣ ಮುಂದೆ ಬಂದರೆ ಭಕ್ತಿಯ ಗತಿಯೇನು ಎಂದು ಹಿರಿಯರು ಕೇಳುತ್ತಾರೆ. ಹುಡುಗರು ಕೇಳಬೇಕಾದರೆ ಧಾಟಿ ಪರಿಚಿತವಾಗಿರಬೇಕು ಎಂದು ಕಿರಿಯರು ಉತ್ತರಿಸುತ್ತಾರೆ.

ಓದುಗರು ಗಮನಿಸಬೇಕು. ಹೊನ್ನಾವರದ ಯಕ್ಷಗಾನ ಅಭಿಮಾನಿ ನಾವಡರ ಪದ್ಯದ ಮುಂದೆ ಕುಳಿತು ಕೇಳುವ ಪ್ರಶ್ನೆಯೂ ಭಟ್ಕಳದ ಹಿರಿಯರು ನಾತ್ ಮುಂದೆ ಕುಳಿತು ಕೇಳುವ ಪ್ರಶ್ನೆಯೂ ಒಂದೇ. ಎರವಲು ಧಾಟಿ ಪೂಜ್ಯವಾದ ಮಾತನ್ನು ಹೊರಬಲ್ಲದೇ ಎಂಬುದೇ ಆ ಪ್ರಶ್ನೆ. ಒಂದೇ ಬಸ್ಸಿನಲ್ಲಿ ಪಯಣಿಸುವ ಈ ಇಬ್ಬರಿಗೆ ತಾವು ಒಂದೇ ಚಿಂತೆಯ ಪಾಲುದಾರರೆಂದು ತಿಳಿದೇ ಇಲ್ಲ. ತಿಳಿಸಬೇಕಾಗಿದ್ದವನು ವಿಮರ್ಶಕ. ಅವನು ನಕ್ಷತ್ರ ಎಣಿಸುತ್ತ ಕುಳಿತಿದ್ದಾನೆ.

ಹಾಗೆಂದು ನಮ್ಮಲ್ಲಿ ವಿಮರ್ಶೆಯೇ ಇಲ್ಲವೆನ್ನುವಂತಿಲ್ಲ. ಆಟ ಮುಗಿದ ಬೆಳಗ್ಗೆ ಚಹಾದಂಗಡಿಯಲ್ಲಿ ನಡೆಯುವ ಚರ್ಚೆ ಕೇಳಿ. ಶ್ರುತಿ ಎಲ್ಲಿ ಜಾರಿತು, ಏರುಪದ್ಯದಲ್ಲಿ ಮದ್ದಲೆ ಹೇಗೆ ಒದಗಿತು, ಅಷ್ಟತಾಳದ ಪದ್ಯವನ್ನು ಎಷ್ಟು ಅವಸರ ಮಾಡಿದರು ಎಂದು ಶಾಲೆಯ ಮೆಟ್ಟಿಲು ಹತ್ತದವರೂ ಕಾರಣಸಹಿತ ಹೇಳುತ್ತಾರೆ. ಮುಶಾಯಿರಾದಲ್ಲಿಯೂ ಅಷ್ಟೇ. ಸಾಲು ಹಿಡಿಸಿದರೆ 'ಮುಕರ್ರರ್' ಎಂದು ಮತ್ತೆ ಓದಿಸುತ್ತಾರೆ, ಹಿಡಿಸದಿದ್ದರೆ ಸಭೆ ಸುಮ್ಮನಿರುತ್ತದೆ. ಆ ಮೌನವನ್ನು ಕವಿ ಅರ್ಥ ಮಾಡಿಕೊಳ್ಳುತ್ತಾನೆ. ಬಾಯಲ್ಲಿರುವ ಈ ವಿವೇಕ ಬರಹಕ್ಕೆ ಇಳಿಯುವಾಗ ಮಾತ್ರ ಆವಿಯಾಗುತ್ತದೆ. ಅದಕ್ಕೆ ಕಾರಣವೂ ಗುಟ್ಟಿನದಲ್ಲ. ಸಣ್ಣ ಊರಿನಲ್ಲಿ ವಿಮರ್ಶಕನೂ ಗಾಯಕನೂ ನಾಳೆ ಒಂದೇ ಮೀನು ಮಾರುಕಟ್ಟೆಯಲ್ಲಿ ಎದುರಾಗಬೇಕು. ದಾಕ್ಷಿಣ್ಯ ಪೆನ್ನು ಹಿಡಿಯುತ್ತದೆ. ಬಿಡುಗಡೆ ಸಮಾರಂಭದ ಪ್ರಕಟಣೆಯೇ ವಿಮರ್ಶೆಯ ಹೆಸರಿನಲ್ಲಿ ಅಚ್ಚಾಗುತ್ತದೆ.

ಕುಮಟಾ ತಾಲೂಕಿನ ಗೋಕರ್ಣದಲ್ಲಿ ಮಾಸ್ತರಿಕೆ ಮಾಡುತ್ತಲೇ ಗೌರೀಶ ಕಾಯ್ಕಿಣಿಯವರು (1912-2002) ಹಲವು ದಶಕ ಸಾಹಿತ್ಯ ವಿಮರ್ಶೆ ಬರೆದರು. ಊರು ಚಿಕ್ಕದೆಂಬುದು ಅವರಿಗೆ ಅಡ್ಡಿಯಾಗಲಿಲ್ಲ. ಪುಸ್ತಕಕ್ಕೆ ಒದಗಿದ ಆ ಗಾಂಭೀರ್ಯ ಹಾಡಿಗೆ ಏಕೆ ಒದಗಬಾರದು? ಅವರ ಪುತ್ರ ಜಯಂತ ಕಾಯ್ಕಿಣಿಯವರು 2006ರ 'ಮುಂಗಾರು ಮಳೆ'ಗೆ ಬರೆದ ಗೀತೆ ನಾಡಿನ ಬಾಯಲ್ಲಿ ನಲಿಯಿತು. ಬರೆದವರು ಯಾರೆಂದು ಜನ ಕೇಳಿ ತಿಳಿದುಕೊಂಡರು. ಅದಕ್ಕೂ ಮೊದಲು, 1978ರಲ್ಲಿ, ಕೆ.ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ ಆಗಿ ಬಂದು, ಹಾಡಿನ ಹಿಂದೆ ಒಬ್ಬ ಕವಿಯಿದ್ದಾನೆಂದು ಕನ್ನಡಿಗರಿಗೆ ನೆನಪಿಸಿತ್ತು. ಆದರೆ ಯಕ್ಷಗಾನದ ಎಷ್ಟೋ ಧ್ವನಿಮುದ್ರಣಗಳ ಜೊತೆ ಪ್ರಸಂಗಕರ್ತನ ಹೆಸರಿಲ್ಲ, ಚಂಡೆ ಮದ್ದಲೆಯವರ ಹೆಸರಿಲ್ಲ. ಎಷ್ಟೋ ನಾತ್‌ಗಳ ಜೊತೆ ಕವಿಯ ಹೆಸರಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಸರಳವಾದುದು. ವಿಮರ್ಶಕರು ಮೊದಲು ಬರೆದವರ, ಹಾಡಿದವರ, ನುಡಿಸಿದವರ ಹೆಸರು ಹೇಳಲಿ. ಕನಿಷ್ಠ ಎರಡು ಸಲ ಕೇಳಿ, ಚೆನ್ನಾಗಿರುವ ಒಂದು ಜಾಗವನ್ನೂ ಸೋತಿರುವ ಒಂದು ಜಾಗವನ್ನೂ ಬೆರಳಿಟ್ಟು ತೋರಿಸಲಿ. ಯಕ್ಷಗಾನವನ್ನು ಯಕ್ಷಗಾನದ ಅಳತೆಯಿಂದ, ನಾತ್ ಅನ್ನು ನಾತ್‌ನ ಅಳತೆಯಿಂದ ಅಳೆಯಲಿ. ತಪ್ಪನ್ನು ಹೇಳುವಾಗ ವ್ಯಕ್ತಿಯನ್ನು ಹಳಿಯದಿರಲಿ, ಹಾಗೆಂದು ತಪ್ಪನ್ನು ಮುಚ್ಚಿಡುವುದೂ ಬೇಡ. ಹದಿನೆಂಟರ ಹುಡುಗನೊಬ್ಬ ಇಂದು ಪದ್ಯ ಕಲಿಯುವುದು ಗುರುವಿನ ಎದುರು ಕುಳಿತಷ್ಟೇ ಅಲ್ಲ, ಮೊಬೈಲಿನ ಮುಂದೆ ಕುಳಿತೂ ಕಲಿಯುತ್ತಾನೆ. ಅಗಲಿದ ಭಾಗವತರ ಪದ್ಯವೂ ನಿನ್ನೆಯ ಚಪ್ಪಾಳೆಯ ಪದ್ಯವೂ ಅಲ್ಲಿ ಅಕ್ಕಪಕ್ಕದಲ್ಲೇ ಇವೆ. ಯಾವುದರಲ್ಲಿ ಏನಿದೆ ಎಂದು ಹೇಳುವವರಿಲ್ಲದಿದ್ದರೆ ಅವನು ಹೆಚ್ಚು ಮಂದಿ ನೋಡಿದ್ದನ್ನೇ ಸರಿಯೆಂದು ಕಲಿಯುತ್ತಾನೆ. ಅದಕ್ಕೆ ಅವನನ್ನು ದೂರಿ ಪ್ರಯೋಜನವಿಲ್ಲ. ಕೇಳಿಯೂ ಬರೆಯದೆ ಕುಳಿತ ನಮ್ಮೆಲ್ಲರ ಮೇಲೆ ಆ ಹೊಣೆಯಿದೆ.