ಕನ್ನಡ ವಾಹಿನಿಯ ಒಡೆತನ: ಒಂದು ವಿಚಾರ

ಕನ್ನಡ ವಾಹಿನಿಗಳ ವಿಮರ್ಶಕರು ಧಾರಾವಾಹಿಯ ಕಥೆಯನ್ನು ಕುರಿತು ಬರೆಯುವರೇ ಹೊರತು, ಅದನ್ನು ಬಿತ್ತರಿಸುವ ಮನೆಯ ಒಡೆಯನಾರೆಂದು ವಿಚಾರಿಸುವುದು ವಿರಳ. ಈಟಿವಿ ಕನ್ನಡವು ೨೦೦೦ನೆಯ ಇಸವಿಯ ಡಿಸೆಂಬರಿನಲ್ಲಿ ರಾಮೋಜಿರಾಯರ ಹೈದರಾಬಾದಿನ ಸಂಸ್ಥೆಯಿಂದ ಹುಟ್ಟಿತು; ಹೆಸರಿನಲ್ಲಿಯೇ ‘ಈನಾಡು’ ಎಂಬ ತೆಲುಗು ಪತ್ರಿಕೆಯ ಮುದ್ರೆಯಿತ್ತು. ೨೦೧೪ರಲ್ಲಿ ಅದು ಟಿವಿ೧೮ರ ಹಿಡಿತಕ್ಕೆ ಬಂದು, ೨೦೧೫ರಲ್ಲಿ ವಯಾಕಾಂ೧೮ರ ‘ಕಲರ್ಸ್ ಕನ್ನಡ’ವಾಯಿತು. ಯಜಮಾನಿಕೆ ನಮ್ಮ ಮುಂಬಯಿಗೆ ಬಂದಿತೆಂದು ಬೈಕುಲ್ಲಾದ ಕನ್ನಡಿಗನು ಹಿಗ್ಗಬೇಕಾಗಿಲ್ಲ; ಬೆಂಗಳೂರಿಗಂತೂ ಅದು ಎಂದೂ ಸೇರಲಿಲ್ಲ.

‘ಬಿಗ್ ಬಾಸ್’ನ ಸಂಗತಿ ಇನ್ನೂ ಬೋಧಪ್ರದವಾದುದು. ೨೦೧೩ರ ಮೊದಲನೆಯ ಆವೃತ್ತಿ ಈಟಿವಿಯಲ್ಲಿ. ೨೦೧೪ರ ಎರಡನೆಯದು ಪ್ರತಿಸ್ಪರ್ಧಿಯಾದ ಸುವರ್ಣದಲ್ಲಿ. ೨೦೧೫ರ ಮೂರನೆಯದು ಮರಳಿ ಕಲರ್ಸ್‌ನಲ್ಲಿ. ನಿರೂಪಕರು ಮಾತ್ರ ಮೂರರಲ್ಲಿಯೂ ಸುದೀಪರೇ. ಕಾರ್ಯಕ್ರಮದ ಗುಣದ ಮಾತು ಹಾಗಿರಲಿ. ಒಂದೆಡೆ ಬಿಟ್ಟದ್ದನ್ನು ಇನ್ನೊಂದೆಡೆ ಹಿಡಿಯುವವರು ಆಗ ಇದ್ದರು. ೨೦೨೪ರ ನವೆಂಬರಿನಲ್ಲಿ ವಯಾಕಾಂ೧೮ ಮತ್ತು ಡಿಸ್ನಿ ಸ್ಟಾರ್ ಕೂಡಿ ಜಿಯೋಸ್ಟಾರ್ ಆದ ಮೇಲೆ, ಕಲರ್ಸ್ ಕನ್ನಡ ಹಾಗೂ ಸ್ಟಾರ್ ಸುವರ್ಣ ಒಂದೇ ಖಾತೆಯ ಎರಡು ಪುಟಗಳಾದವು. ಲೆಕ್ಕಿಗರು ಇದನ್ನು ಮಿತವ್ಯಯವೆನ್ನುವರು. ಒಂದು ಬಾಗಿಲಿನಲ್ಲಿ ತಿರಸ್ಕೃತನಾದ ಲೇಖಕನು ಈಗ ಅದೇ ಮನೆಯ ಇನ್ನೊಂದು ಬಾಗಿಲನ್ನು ತಟ್ಟಬೇಕು. ಉದಯ, ಜೀ ಕನ್ನಡಗಳಿವೆಯಲ್ಲ ಎನ್ನಬಹುದು. ಇವೆ, ನಿಜ; ಅವುಗಳ ಮೂಲಮನೆಗಳು ಚೆನ್ನೈ, ಮುಂಬಯಿಗಳಲ್ಲಿ.