ಅಗ್ಗದ ಪ್ರೆಸ್ಸು, ಅಜ್ಜನ ಗಜ

ಹಂಪನಕಟ್ಟೆಯ ನಮ್ಮ ಆಫೀಸಿನಲ್ಲಿ ಅರ್ಧ ಜನರಿಗೆ ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಅಡಿಕೆ ತೋಟ ಉಂಟು. ಕೆಲವರ ಮನೆಯಲ್ಲಿ ಬೆಳೆ ಕಾಯಲು ಲೈಸೆನ್ಸಿನ ಕೋವಿಯೂ ಉಂಟು. ಹಾಗಾಗಿ ಊಟದ ಹೊತ್ತಿಗೆ ಅಮೆರಿಕದ ‘ಲೀ ಲೋಡ್-ಆಲ್’ ಎಂಬ ಅಗ್ಗದ ಪ್ರೆಸ್ಸಿನ ವಿಮರ್ಶಾ ವಿಡಿಯೊಗಳು ಮೊಬೈಲಿಂದ ಮೊಬೈಲಿಗೆ ಹೋಗುತ್ತಿರುತ್ತವೆ. ಹೊಡೆದು ಖಾಲಿಯಾದ ತೋಟಾಕ್ಕೆ ಹೊಸ ಕೇಪು, ಮದ್ದು, ವಾಡ್, ಚರೆ ತುಂಬಿ ಬಾಯಿ ಮಡಚುವ ಕೈಯಂತ್ರ ಅದು. ನನ್ನ ತಕರಾರು ಯಂತ್ರದ ಮೇಲಲ್ಲ, ವಿಮರ್ಶೆಯ ಮೇಲೆ.

ರಿಪೇರಿ ಹೇಳುವುದರಲ್ಲಿ ಇವರು ಜಾಣರು, ಒಪ್ಪುತ್ತೇನೆ. ಸಣ್ಣ ಕಾಳಿನ ಮದ್ದು ಸೋರಿದರೆ ಹೀಗೆ ಮಾಡಿ, ಚರೆ ಸಿಕ್ಕಿಕೊಂಡರೆ ಹಾಗೆ ಮಾಡಿ. ತೋಟಾದ ಬಾಯಿ ಮುಚ್ಚದಿದ್ದರೆ ಒಳಗೆ ಸಾಮಾನು ಜಾಸ್ತಿ, ಗುಳಿ ಬಿದ್ದರೆ ಕಡಿಮೆ. ಎಲ್ಲ ಸ್ಪಷ್ಟ. ಆದರೆ ತಪ್ಪು ಆದಲ್ಲೇ ಕಾಣುತ್ತದೆ ಎಂದು ಇವರು ನಂಬಿಬಿಟ್ಟಿದ್ದಾರೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿದರೆ ಅಲ್ಲೇ ಗೊತ್ತಾಗುತ್ತದೆ, ಎಳೆದು ತೆಗೆದರಾಯ್ತು. ಮದ್ದು ಕಡಿಮೆ ಬಿದ್ದ ತೋಟಾ ಹೊರಗಿಂದ ಚಂದವೇ ಕಾಣಬಹುದು. ಅದರ ತಪ್ಪು ಗೊತ್ತಾಗುವುದು ತಿಂಗಳ ನಂತರ, ತೋಟದಲ್ಲಿ. ‘ಠುಸ್’ ಅಂತ ಶಬ್ದ ಬರುತ್ತದೆ, ವಾಡ್ ನಳಿಗೆಯಲ್ಲೇ ಉಳಿಯುತ್ತದೆ. ನೋಡದೆ ಇನ್ನೊಂದು ಹೊಡೆದರೆ ನಳಿಗೆಯೇ ಸಿಡಿಯಬಹುದು. ನಾನು ನೋಡಿದ ವಿಡಿಯೊಗಳಲ್ಲಿ ಈ ಮಾತಿಗೆ ಸಿಕ್ಕಿದ್ದು ಒಂದೆರಡು ವಾಕ್ಯ. ಬೆಲೆಗೆ ಮಾತ್ರ ಐದು ಸ್ಟಾರು.

ಹಳೆಯ ಕೇಪಿನ ಕೋವಿಯನ್ನು ನೋಡಿ. ಅಲ್ಲಿ ಪ್ರತಿ ಈಡೂ ಮನೆಯಲ್ಲೇ ತುಂಬಿದ್ದು. ಆದರೆ ಮದ್ದು ಜಡಿಯುವ ಗಜವೇ ಪರೀಕ್ಷೆಯನ್ನೂ ಮಾಡುತ್ತಿತ್ತು. ಒಳಗಿಳಿಸಿದಾಗ ಅದು ಬಾಯಿಂದ ಎಷ್ಟು ಹೊರಗೆ ನಿಂತಿತು ಅಂತ ನೋಡಿದರೆ ಕೋವಿ ಖಾಲಿಯೋ, ಈಡು ಇದೆಯೋ, ಎರಡು ಸಲ ತುಂಬಿದೆಯೋ ತಿಳಿಯುತ್ತಿತ್ತು. ಅಗ್ಗದ ಪ್ರೆಸ್ಸಿನಲ್ಲಿ ಆ ಕೆಲಸಕ್ಕೆ ನಮ್ಮ ಕಣ್ಣು ಮತ್ತು ಒಂದು ಸೂಕ್ಷ್ಮ ತಕ್ಕಡಿ ಬಿಟ್ಟರೆ ಏನಿಲ್ಲ. ಅವನ್ನೂ ಲೆಕ್ಕಕ್ಕೆ ಸೇರಿಸದೆ ‘ಬಜೆಟ್’ ಅನ್ನುವುದು ಅರ್ಧ ಬಿಲ್ಲು ತೋರಿಸಿದ ಹಾಗೆ.

ಉಳಿದರ್ಧ ನಮ್ಮ ಕಾನೂನಿನಲ್ಲಿದೆ ಮಾರಾಯ್ರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ಅಜ್ಜನ ಕೋವಿಯ ಲೈಸೆನ್ಸ್ ಸಾಲದು. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಅಮೆರಿಕದವನು ಇದನ್ನು ಹೇಳಬೇಕಿಲ್ಲ. ಫಾರ್ವರ್ಡ್ ಮಾಡುವ ನಾವು ಹೇಳಬೇಕಲ್ವಾ?

ಕೃಷಿಕರ ಕಷ್ಟ ಸುಳ್ಳಲ್ಲ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕಾಗುತ್ತದೆ, ಮಂಗಗಳಿಗೆ ಮಾತ್ರ ನೀತಿಸಂಹಿತೆ ಇಲ್ಲ. ಅದರ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆ ವಿಡಿಯೊ ಬರಲಿ, ಮೊದಲು ಹಂಚುವವ ನಾನೇ. ಸದ್ಯಕ್ಕೆ ಮನೆಯಲ್ಲಿ ಲೈಸೆನ್ಸ್ ಇರುವವರಿಗೆ ಇಷ್ಟು ಹೇಳಿ: ಅಂಗಡಿಯ ತೋಟಾವೇ ಆಗಲಿ, ಶಬ್ದ ಸಣ್ಣದಾಗಿ ಬಂದರೆ ಎರಡನೇ ಈಡು ಬೇಡ. ಕೋವಿ ಖಾಲಿ ಮಾಡಿ, ನಳಿಗೆಯ ಆಚೆ ಬದಿಯ ಬೆಳಕು ಕಾಣುತ್ತದಾ ನೋಡಿ.